ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದ ಜಪಾನಿ ಕಂಚಿನ ಮೀನುಗಾರ: ಮಾಡಿದವರು ಯಾರು, ಈಗ ಏನು ಮಾಡಲಿ?

ನಗೋಯಾದಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಜಪಾನಿನ ನಗೋಯಾದಲ್ಲಿ 11 ವರ್ಷದಿಂದ ಇದ್ದೇನೆ. ಊರು ತಿಪಟೂರು. ಇಲ್ಲಿ ಲೋಹದ ಕೆಲಸ ಬಲ್ಲವರು, ಹಳೇ ಸಾಮಾನು ಕೂಡಿಡುವವರು ಬರೆಯುವುದನ್ನು ಓದುತ್ತಾ ಬಂದಿದ್ದೇನೆ. ಈ ವಿಷಯವನ್ನು ಇಲ್ಲಿನ ಅಂಗಡಿಯವರ ಹತ್ತಿರ ಜಪಾನಿಯಲ್ಲಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ಕನ್ನಡದಲ್ಲಿ ಕೇಳುತ್ತಿದ್ದೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ನಾನು ಬಾಣಂತಿಯಾಗಿದ್ದಾಗ ಅಮ್ಮನಿಗೆ ವೀಸಾ ತಡವಾಯಿತು. ಆಗ ಮೂರು ವಾರ ದಿನಾ ಬಿಸಿ ಸೂಪು ತಂದುಕೊಟ್ಟವರು ಅವರು. ಎರಡು ತಿಂಗಳ ಹಿಂದೆ ಮನೆ ಖಾಲಿ ಮಾಡಿ ಮಗನ ಊರಿಗೆ ಹೋದರು. ಹೋಗುವಾಗ ಒಂದು ಮರದ ಪೆಟ್ಟಿಗೆ ಕೈಗಿಟ್ಟರು. ಒಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಕಂಚಿನ ಬೊಂಬೆ.

ಬೊಂಬೆ ಒಬ್ಬ ಮೀನುಗಾರನದು. ನೀರುಕಾಗೆಗಳನ್ನು ದಾರ ಕಟ್ಟಿ ನದಿಗೆ ಬಿಟ್ಟು ಮೀನು ಹಿಡಿಸುತ್ತಾರಲ್ಲ, ಆ ಕೆಲಸದವನು. ಇಲ್ಲೇ ಪಕ್ಕದ ಗಿಫುವಿನಲ್ಲಿ ನಗಾರಾ ನದಿಯಲ್ಲಿ ಈಗಲೂ ಹಾಗೆ ಹಿಡಿಯುತ್ತಾರೆ, ಉಕಾಯ್ ಅನ್ನುತ್ತಾರೆ. ಬೊಂಬೆ 38 ಸೆಂಟಿಮೀಟರ್ ಎತ್ತರ. ಲಗೇಜು ತೂಗುವ ತಕ್ಕಡಿಯಲ್ಲಿ 4 ಕೆಜಿ 600 ಗ್ರಾಂ ತೋರಿಸಿತು. ಬಂಡೆಯ ಮೇಲೆ ನಿಂತಿದ್ದಾನೆ. ತಲೆಗೆ ಬಟ್ಟೆ, ಸೊಂಟಕ್ಕೆ ಹುಲ್ಲಿನ ಲಂಗ. ಒಂದು ಹಕ್ಕಿ ಎಡತೋಳಿನ ಮೇಲೆ, ಇನ್ನೊಂದು ಕಾಲ ಬಳಿ. ಬಲಗೈಯಲ್ಲಿ ದಾರಗಳು, ಸಣ್ಣ ತಂತಿಯವು. ಬೆನ್ನ ಹಿಂದೆ ಮೀನಿನ ಬುಟ್ಟಿ. ಹಕ್ಕಿಗಳ ಕಣ್ಣಲ್ಲಿ ಚಿನ್ನದ ಚುಕ್ಕೆ ಇದೆ. ಮುಖ ನೋಡಿದರೆ ನಮ್ಮ ಸೋದರಮಾವ ತೋಟದಿಂದ ಬಂದು ಜಗಲಿಯಲ್ಲಿ ಕೂತಾಗ ಇರುತ್ತಲ್ಲ, ಹಾಗಿದೆ. ದಣಿದಿದೆ, ಆದರೆ ಬೇಜಾರಿಲ್ಲ.

ಅಜ್ಜಿ ಹೇಳಿದ ಪ್ರಕಾರ ಅವರ ಯಜಮಾನರು ಹಡಗಿನ ಕಂಪನಿಯಲ್ಲಿದ್ದರು. ಇದನ್ನು ಷೋವಾ 48ರಲ್ಲಿ, ಅಂದರೆ 1973ರಲ್ಲಿ, ಲಂಡನ್ನಿನಲ್ಲಿ ಕೊಂಡು ತಂದರಂತೆ. ಗಿಫುವಿನ ಮೀನುಗಾರನ ಬೊಂಬೆಯನ್ನು ನಗೋಯಾದವರು ಲಂಡನ್ನಿಗೆ ಹೋಗಿ ಯಾಕೆ ಕೊಳ್ಳಬೇಕು? ನನಗೆ ಇನ್ನೂ ಅರ್ಥವಾಗಿಲ್ಲ.

ಈಗ ನಡೆದದ್ದು ಹೇಳುತ್ತೇನೆ. ಅಮ್ಮ ಹೋದ ವಾರ ಊರಿಂದ ಬಂದರು. ನಾನು ಮಗಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಬುಟ್ಟಿಯನ್ನೂ ಬಲತೋಳನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದರು. ದೇವರ ಸಾಮಾನು ಬೆಳಗುವ ಹಾಗೆ. ಬೊಂಬೆ ಕಪ್ಪಾಗಿದೆ, ಮಗಳಿಗೆ ಪುರುಸೊತ್ತಿಲ್ಲ, ನಾನೇ ಬೆಳಗಿಡೋಣ ಅಂದುಕೊಂಡರಂತೆ. ಉಳಿದ ಮೈಯೆಲ್ಲ ಹುರಿದ ಕಾಫಿ ಬೀಜದ ಬಣ್ಣ. ಅದೆರಡು ಕಡೆ ಮಾತ್ರ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗೆ ಕಾಣುತ್ತಿದೆ. ನನ್ನ ಮುಖ ನೋಡಿಯೇ ಅಮ್ಮನಿಗೆ ಗೊತ್ತಾಯಿತು. ನಾನು ಏನೂ ಅನ್ನಲಿಲ್ಲ. ಆದರೆ ಆವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ.

ಇದನ್ನು ಸರಿಮಾಡಬಹುದಾ? ಬುಡದಲ್ಲಿ ಚಿಕ್ಕ ಚೌಕದೊಳಗೆ ಅಕ್ಷರಗಳಿವೆ. ನನ್ನ ಯಜಮಾನರ ಜೊತೆ ಕೆಲಸ ಮಾಡುವವರು ಅದನ್ನು 'ಸೇಯಾ ಸಾಕು' ಅಂತ ಓದಿದರು. ಇದು ಯಾರು? ಇನ್ನೊಂದು ಅನುಮಾನ ಇದೆ. ಮೀನುಗಾರನ ಚಪ್ಪಲಿ ಪಾದದ ಅರ್ಧಕ್ಕೇ ನಿಂತುಹೋಗಿದೆ, ಹಿಮ್ಮಡಿ ಬರೀ ಬಂಡೆಯ ಮೇಲಿದೆ. ಎರಡೂ ಕಾಲಲ್ಲಿ ಹಾಗೇ. ಇದು ಎರಕದ ದೋಷವಾ, ಮುರಿದದ್ದಾ?

ಹಳೇಪೇಟೆ:

ಮೇಡಂ, ಬೇಜಾರು ಮಾಡ್ಕೋಬೇಡಿ. ಅಮ್ಮಂದಿರು ಯಾರಾದರೂ ಹಾಗೇ ಮಾಡುತ್ತಿದ್ದರು. ನನಗೆ ತೋಚುವುದು ಇಷ್ಟು. ಎರಡು ಕಡೆ ಹೊಳೆದು ಉಳಿದದ್ದು ಕಪ್ಪಗಿದ್ದರೆ ಚೆನ್ನಾಗಿರಲ್ಲ. ಪೂರ್ತಿ ತಿಕ್ಕಿ ಒಂದೇ ಸಮ ಮಾಡಿಬಿಡಿ. ಕಂಚು ತಾನೇ, ನಿಧಾನಕ್ಕೆ ಮತ್ತೆ ಕಪ್ಪಾಗುತ್ತದೆ. ನಮ್ಮ ಮನೆಯ ಗಂಟೆ, ದೀಪಾಲೆ ಕಂಬ ಎಲ್ಲ ಹೀಗೇ ಮಾಡುತ್ತಾ ಬಂದಿದ್ದೇವೆ.

ಎರಕದಮನೆ:

ಅಕ್ಕ, ಮೊದಲು ಒಂದು ಮಾತು. ಉಳಿದ ಭಾಗವನ್ನು ದಯವಿಟ್ಟು ಮುಟ್ಟಬೇಡಿ. ಹಳೇಪೇಟೆಯವರು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದಾರೆ. ದೀಪಾಲೆ ಕಂಬಕ್ಕೆ ಅದು ಸರಿ. ಈ ಬೊಂಬೆಗೆ ಸರಿಯಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳಬೇಕಾಗುತ್ತದೆ.

ನಮ್ಮದು ನಾಗಮಂಗಲದ ಎರಕದ ಮನೆ. ಅಪ್ಪ ದೇವರ ವಿಗ್ರಹ ಹೊಯ್ಯುತ್ತಿದ್ದರು. ನಾನು 2009ರಲ್ಲಿ ಜಪಾನಿನ ತಕಾವೊಕಾಗೆ ಕಲಿಯಲು ಹೋದವನು, ನಾಲ್ಕು ವರ್ಷ ಅಲ್ಲೇ ಉಳಿದೆ. ತೊಯಾಮಾ ಪ್ರಾಂತ್ಯದ ಊರು. 1611ರಲ್ಲಿ ಮಯೇದಾ ತೊಶಿನಾಗಾ ಅನ್ನುವ ದೊರೆ ಏಳು ಜನ ಎರಕದವರನ್ನು ಕರೆಸಿ ಅಲ್ಲಿ ಒಂದು ಕೇರಿ ಕಟ್ಟಿಸಿಕೊಟ್ಟ. ಕಾನಾಯಾ ಮಾಚಿ ಅಂತ. ಆ ಕೇರಿ ಇವತ್ತಿಗೂ ಇದೆ. ಜಪಾನಿನ ಕಂಚಿನ ಪ್ರತಿಮೆಗಳಲ್ಲಿ ಬಹುಪಾಲು ಈಗಲೂ ತಕಾವೊಕಾದಲ್ಲೇ ಆಗುವುದು. ನಾನು ಕಲಿತದ್ದು ಎರಕ ಅಲ್ಲ. ಅದು ಮನೆಯಲ್ಲೇ ಬರುತ್ತಿತ್ತು. ಕಲಿತದ್ದು ಬಣ್ಣ ಕಟ್ಟುವುದು.

ನಮ್ಮ ಕಡೆ ವಿಗ್ರಹ ಅಂದರೆ ಹೊಳೆಯಬೇಕು. ಅಭಿಷೇಕ ಮಾಡುತ್ತೇವೆ, ಬೆಳಗುತ್ತೇವೆ, ಮತ್ತೆ ಅಭಿಷೇಕ. ಅಪ್ಪ ಉಳಿ, ಅರ ಎಲ್ಲ ಮುಗಿಸಿ ಉಜ್ಜಿ, ಹೊಳಪು ಬಂದ ದಿನ ಕೆಲಸ ಮುಗಿಯಿತು ಅನ್ನುತ್ತಿದ್ದರು. ತಕಾವೊಕಾದಲ್ಲಿ ಹೊಳಪು ಬಂದ ದಿನ ಬೊಂಬೆ ನಮ್ಮ ಕೈಗೆ ಬರುತ್ತಿತ್ತು. ಅಲ್ಲಿಂದ ಅರ್ಧ ಕೆಲಸ ಶುರು.

ಒಂದು ವಿಧಾನ ಕುದಿಸುವುದು. ತಾಮ್ರದ ಪಾತ್ರೆಯಲ್ಲಿ ನೀರು, ಅದಕ್ಕೆ ರೊಕುಶೋ ಅನ್ನುವ ಪುಡಿ. ತಾಮ್ರದ ಕಿಲುಬಿನಿಂದ ಮಾಡಿದ್ದು. ಜೊತೆಗೆ ಮೈಲುತುತ್ತ. ನಿಮ್ಮದು ತಿಪಟೂರು ಅಂದಿರಿ. ತೋಟದವರಿಗೆ ಮೈಲುತುತ್ತ ಏನು ಅಂತ ಹೇಳಬೇಕಾಗಿಲ್ಲ, ಬೋರ್ಡೋ ದ್ರಾವಣಕ್ಕೆ ಹಾಕುವುದೇ ಇದು. ಅದರಲ್ಲಿ ಅದ್ದುವ ಮೊದಲು ಲೋಹಕ್ಕೆ ತುರಿದ ಮೂಲಂಗಿ ಸವರುತ್ತಾರೆ. ನಾನು ಮೊದಲ ದಿನ ನೋಡಿದಾಗ ಊಟಕ್ಕೆ ತುರಿಯುತ್ತಿದ್ದಾರೆ ಅಂದುಕೊಂಡಿದ್ದೆ. ಮೂಲಂಗಿ ರಸ ಹತ್ತಿದರೆ ಬಣ್ಣ ಕಲೆ ಕಲೆಯಾಗದೆ ಸಮನಾಗಿ ಏಳುತ್ತದೆ. ಒಂದೇ ನೀರಿನಲ್ಲಿ ಕುದಿಸಿದರೂ ಒಂದೊಂದು ಲೋಹ ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿದ ಷಕುದೋ ಕಾಗೆಯ ರೆಕ್ಕೆಯ ಹಾಗೆ ನೀಲಿಗಪ್ಪು. ತಾಮ್ರಕ್ಕೆ ಬೆಳ್ಳಿ ಬೆರೆಸಿದ ಷಿಬುಇಚಿ ಬೂದಿ ಬಣ್ಣ. ಬರೀ ತಾಮ್ರ ಕೆಂಪುಗಂದು. ಇನ್ನೊಂದು ವಿಧಾನ ದೊಡ್ಡ ಸಾಮಾನಿಗೆ. ಅಕ್ಕಿ ತೌಡನ್ನು ಕಲಸಿ ಮೈಗೆ ಮೆತ್ತಿ ಬೆಂಕಿಯಲ್ಲಿ ಸುಡುವುದು. ಕಾಯಿಸಿದ ಕಂಚಿಗೆ ಕಬ್ಬಿಣ ನೆನೆಸಿದ ಹುಳಿನೀರನ್ನು ಹುಲ್ಲಿನ ಕುಂಚದಲ್ಲಿ ಬಡಿಯುವುದೂ ಇದೆ, ಉರುಶಿ ಮರದ ಹಾಲು ಹಚ್ಚಿ ಸುಡುವುದೂ ಇದೆ. ಒಂದು ಪದರ ಆಗುತ್ತದೆ, ಒರೆಸುತ್ತಾರೆ, ಮತ್ತೊಂದು ಪದರ. ಕೊನೆಗೆ ಮೇಣ.

ಅಂದರೆ ಆ ಕಾಫಿ ಬೀಜದ ಬಣ್ಣ ಕೊಳೆ ಅಲ್ಲ ಅಕ್ಕ. ಅದನ್ನು ಒಬ್ಬರು ಕೂತು ಮಾಡಿದ್ದು. ಹುಣಸೆಹಣ್ಣಿನ ಹುಳಿ ಆ ಪದರವನ್ನೇ ತಿಂದುಹಾಕಿತು. ಅಮ್ಮನಿಗೆ ಇದನ್ನು ಹೇಳುವಾಗ ಮೆತ್ತಗೆ ಹೇಳಿ. ನಮ್ಮ ಮನೆಗಳಲ್ಲಿ ಅವರು ಮಾಡಿದ್ದೇ ಸರಿಯಾದ ಕ್ರಮ.

ಈಗ ತುರ್ತು ಕೆಲಸ ಉಪ್ಪಿನದು. ಹುಳಿಗಿಂತ ಉಪ್ಪು ಅಪಾಯ. ಉಪ್ಪು ಸಂದಿಯಲ್ಲಿ ಉಳಿದು ತೇವ ಹಿಡಿದರೆ ಕಂಚನ್ನು ಒಳಗಿಂದ ತಿನ್ನುತ್ತದೆ. ತಿಳಿಹಸಿರು ಪುಡಿ ಏಳುತ್ತದೆ, ಒರೆಸಿದರೆ ಹೋಗುತ್ತದೆ, ಕೆಲವು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಅದಕ್ಕೆ ಬ್ಯಾಟರಿಗೆ ಹಾಕುವಂಥ ಬಟ್ಟಿ ಇಳಿಸಿದ ನೀರು ತನ್ನಿ. ಮೆತ್ತನೆ ಕುಂಚದಲ್ಲಿ ಬುಟ್ಟಿ ಮತ್ತು ತೋಳನ್ನು ಮಾತ್ರ ಎರಡು ಮೂರು ಸಲ ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಉಜ್ಜಬೇಡಿ. ಕೂದಲು ಒಣಗಿಸುವ ಮಷೀನನ್ನು ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿಯಿರಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಕೈಬೆವರಲ್ಲೂ ಉಪ್ಪು ಇದೆ. ತಿಂಗಳುಗಟ್ಟಲೆ ಬುಟ್ಟಿಯ ಹೆಣಿಗೆ ಸಂದಿಗಳನ್ನು ನೋಡುತ್ತಿರಿ. ಪುಡಿ ಮತ್ತೆ ಮತ್ತೆ ಬಂದರೆ ಲೋಹ ಸಂರಕ್ಷಣೆ ಬಲ್ಲವರಿಗೇ ತೋರಿಸಬೇಕು. ಬಾರದಿದ್ದರೆ ಸುಮ್ನೆ ಬಿಡಿ. ಕೆಂಪು ತಾನಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಳು ಬೇಕು. ಬಣ್ಣ ಮತ್ತೆ ಕಟ್ಟಿಸಲೇಬೇಕು ಅಂದರೆ ತಕಾವೊಕಾದಲ್ಲಿ ಆ ಕಸುಬಿನವರಿದ್ದಾರೆ. ನಾನಾಗಿದ್ದರೆ ಕಾಯುತ್ತಿದ್ದೆ.

ಚಪ್ಪಲಿ ಮುರಿದಿಲ್ಲ. ಅದು ಅಶಿನಾಕಾ. ಪಾದದ ಅರ್ಧಕ್ಕೇ ಇರುವ ಹುಲ್ಲಿನ ಚಪ್ಪಲಿ. ಒದ್ದೆ ದೋಣಿಯಲ್ಲಿ, ಪಾಚಿಗಲ್ಲಿನ ಮೇಲೆ ಜಾರಬಾರದು ಅಂತ ಉಕಾಯ್‌ನವರು ಹಾಕುವುದು ಇದನ್ನೇ. ಹುಲ್ಲಿನ ಲಂಗ ನೀರು ಸಿಡಿದರೆ ಒಳಗೆ ಇಳಿಯದಿರಲಿ ಅಂತ. ಇದನ್ನು ಓದಿದಾಗ ನನಗೆ ತುಂಬ ಖುಷಿಯಾಯಿತು. ಕೂತಲ್ಲೇ ಊಹಿಸಿ ಮಾಡಿದವನಾಗಿದ್ದರೆ ಪೂರ್ತಿ ಚಪ್ಪಲಿ ಮಾಡುತ್ತಿದ್ದ. ಎರಕಕ್ಕೆ ಮೊದಲು ಈ ಬೊಂಬೆಯನ್ನು ಮೇಣದಲ್ಲಿ ತಿದ್ದಿದವನು ಹಿಮ್ಮಡಿ ನೋಡಿದ್ದಾನೆ.

ಇನ್ನು ಲಂಡನ್ನಿನ ವಿಷಯ. ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

1868ರಲ್ಲಿ ಮೆಯ್‌ಜಿ ಸರ್ಕಾರ ಬಂತು. ಬಂದ ವರ್ಷವೇ ಜಪಾನಿನ ಮೂಲ ಧರ್ಮವಾದ ಷಿಂತೊ ಬೇರೆ, ಬೌದ್ಧ ಬೇರೆ ಅಂತ ಆಜ್ಞೆ ಮಾಡಿತು. ಎಷ್ಟೋ ಬೌದ್ಧ ದೇವಾಲಯಗಳು ಹಾಳಾದವು, ಮೂರ್ತಿಗಳು ಮಾರಾಟಕ್ಕೆ ಬಂದವು. ಪ್ಯಾರಿಸ್ಸಿನಲ್ಲಿದ್ದ ಹೆನ್ರಿ ಸೆರ್ನುಶಿ 1871ರಲ್ಲಿ ಜಪಾನಿಗೆ ಬಂದಾಗ ಟೋಕಿಯೊದ ಮೆಗುರೊದಲ್ಲಿ ನಾಲ್ಕು ಮೀಟರಿಗೂ ಎತ್ತರದ ಕಂಚಿನ ಬುದ್ಧನನ್ನು ಕೊಂಡು ಪ್ಯಾರಿಸ್ಸಿಗೆ ಸಾಗಿಸಿದ. ಅವನ ಹೆಸರಿನ ಮ್ಯೂಸಿಯಂನಲ್ಲಿ ಆ ಬುದ್ಧ ಇವತ್ತಿಗೂ ಇದ್ದಾನೆ. ದೇವರನ್ನೇ ಮಾರುವ ಕಾಲದಲ್ಲಿ ಹೊಸ ಮೂರ್ತಿ ಮಾಡಿಸುವವರು ಯಾರು? ಎರಕದವರಿಗೆ ಕೆಲಸ ಹೋಯಿತು. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡಬಾರದು ಅಂತ ಇನ್ನೊಂದು ಆಜ್ಞೆ. ಕತ್ತಿಯ ಹಿಡಿ, ತಡೆಬಿಲ್ಲೆಗೆ ಚಿನ್ನ ಬೆಳ್ಳಿ ಕೂರಿಸುತ್ತಿದ್ದ ಕುಸುರಿಯವರಿಗೂ ಕೆಲಸ ಹೋಯಿತು. ತಲೆಮಾರುಗಳ ಕೈಚಳಕ, ಗಿರಾಕಿ ಇಲ್ಲ.

ಗಿರಾಕಿ ಸಿಕ್ಕಿದ್ದು ಹೊರದೇಶದಲ್ಲಿ. 1873ರ ವಿಯೆನ್ನಾ ಪ್ರದರ್ಶನದಲ್ಲಿ ಜಪಾನಿನ ಸಾಮಾನು ನೋಡಿ ಯುರೋಪಿನವರು ಬೆರಗಾದರು. ಮರುವರ್ಷವೇ ಸರ್ಕಾರದ ಬೆಂಬಲದಲ್ಲಿ ಕಿರಿತ್ಸು ಕೋಶೋ ಕೈಷಾ ಅನ್ನುವ ರಫ್ತು ಕಂಪನಿ ಶುರುವಾಯಿತು. ಅದರ ಲೋಹದ ವಿಭಾಗದಲ್ಲಿದ್ದವರು ಸುಜುಕಿ ಚೋಕಿಚಿ, 1848ರಲ್ಲಿ ಹುಟ್ಟಿದವರು. 1893ರ ಷಿಕಾಗೋ ಪ್ರದರ್ಶನಕ್ಕೆ ಅವರು ಮಾಡಿದ 12 ಗಿಡುಗಗಳನ್ನು ನೀವು ನೋಡಬೇಕು. ಹನ್ನೆರಡು ಹಕ್ಕಿ, ಹನ್ನೆರಡು ಭಂಗಿ. ಗರಿಯ ಬಣ್ಣವೆಲ್ಲ ಲೋಹದ್ದೇ, ಒಂದು ಹನಿ ಪೇಂಟು ಇಲ್ಲ. ಈಗ ಕನಾಜಾವಾದ ರಾಷ್ಟ್ರೀಯ ಕರಕುಶಲ ಮ್ಯೂಸಿಯಂನವರ ಹತ್ತಿರ ಇವೆ. ನಾನು ನೋಡಿದ ದಿನ ಮುಚ್ಚುವ ಹೊತ್ತಾಯಿತು ಅಂತ ಕಾವಲಿನವರು ಬಂದು ಹೇಳುವವರೆಗೂ ಒಂದು ಬಿಳಿ ಗಿಡುಗದ ಮುಂದೆಯೇ ನಿಂತಿದ್ದೆ. ಕತ್ತಿ ಕುಸುರಿಯಿಂದ ಬಂದ ಇನ್ನೊಬ್ಬರು ಉನ್ನೊ ಷೋಮಿನ್. 1890ರಲ್ಲಿ ರಾನ್‌ರ್ಯೋ ಓ ಅನ್ನುವ ನೃತ್ಯದ ನರ್ತಕನ ಬೊಂಬೆ ಮಾಡಿದರು, ಬಟ್ಟೆಯ ಕಸೂತಿಯನ್ನೆಲ್ಲ ಲೋಹದಲ್ಲೇ ತಂದರು.

ಸೇಯಾ ಕೂಡ ಆ ಕಾಲದವರೇ. ಗೆನ್ರ್ಯೂಸಾಯ್ ಸೇಯಾ, ಟೋಕಿಯೊ. ಆನೆ, ಹುಲಿ ಜಾಸ್ತಿ. ಜೊತೆಗೆ ಮೀನುಗಾರ, ರೈತ, ಮಕ್ಕಳು, ಇಂಥ ಸಾಮಾನ್ಯ ಜನರ ಬೊಂಬೆಗಳು. 'ಸಾಕು' ಅಂದರೆ ಇಲ್ಲಿ 'ಮಾಡಿದ್ದು' ಅಂತ. ಕೆಲವು ಬೊಂಬೆಗಳಲ್ಲಿ 'ಝೋ' ಅಂತಲೂ ಇರುತ್ತದೆ, ಅದೂ ಅದೇ ಅರ್ಥ. ಸೇಯಾ ಹೆಸರಿನ ಕೆಲಸ ಎಷ್ಟು ಸಿಗುತ್ತದೆ ಅಂದರೆ ಅದು ಒಬ್ಬರ ಕೈಯದಲ್ಲ, ಒಂದು ಕಾರ್ಖಾನೆಯದು. ಮೇಣ ತಿದ್ದುವವನು ಒಬ್ಬ, ಮಣ್ಣು ಕಟ್ಟಿ ಹೊಯ್ಯುವವನು ಒಬ್ಬ, ಉಳಿಯವನು ಒಬ್ಬ, ಬಣ್ಣದವನು ಒಬ್ಬ. ಚೌಕದೊಳಗೆ ಯಜಮಾನನ ಹೆಸರು ಮಾತ್ರ ಬೀಳುತ್ತದೆ. ನಾನು ಬಣ್ಣದ ಕೆಲಸ ಕಲಿತವನಾದ್ದರಿಂದ ನನಗೆ ಆ ಕೊನೆಯವನದೇ ಯೋಚನೆ. ಅವನ ಹೆಸರು ಎಲ್ಲೂ ಇಲ್ಲ. ಅವನದು ಅಂತ ಇರುವುದು ಆ ಕಂದು ಬಣ್ಣ ಒಂದೇ.

ಇಂಥವನ್ನು ಒಕಿಮೊನೊ ಅನ್ನುತ್ತಾರೆ, ಇಡುವ ವಸ್ತು ಅಂತ ಅರ್ಥ. ಮಾಡಿದ್ದೇ ಹೆಚ್ಚಾಗಿ ಯುರೋಪ್, ಅಮೆರಿಕದ ಮನೆಗಳಿಗೆ. ದೇಶದಲ್ಲೇ ಉಳಿದ ಕಂಚಿಗೂ ಗಂಡಾಂತರ ಬಂತು. 1941ರಲ್ಲಿ ಯುದ್ಧಕ್ಕೆ ಲೋಹ ಒಪ್ಪಿಸಿ ಅಂತ ಕಾನೂನು ಮಾಡಿದರು. ದೇವಾಲಯದ ಗಂಟೆಗಳು ಹೋದವು, ಶಾಲೆಯಂಗಳದ ಪ್ರತಿಮೆಗಳು ಹೋದವು. ಟೋಕಿಯೊದ ಷಿಬುಯಾದಲ್ಲಿದ್ದ ಹಾಚಿಕೊ ನಾಯಿಯ ಪ್ರತಿಮೆಯನ್ನೂ ಕರಗಿಸಿದರು. ಈಗ ಜನ ಫೋಟೋ ತೆಗೆಸಿಕೊಳ್ಳುವುದು 1948ರಲ್ಲಿ ಮತ್ತೆ ಮಾಡಿದ್ದರ ಪಕ್ಕ. ಹಾಗಾಗಿ ಒಳ್ಳೇ ಮೆಯ್‌ಜಿ ಬೊಂಬೆ ಬೇಕು ಅಂದರೆ ಜಪಾನಿನವರೇ ಲಂಡನ್, ನ್ಯೂಯಾರ್ಕ್‌ನಲ್ಲಿ ಹುಡುಕಬೇಕಾಯಿತು. ಕ್ಯೋಟೋದಲ್ಲಿ ಕಿಯೊಮಿಜು ಸನ್ನೆನ್‌ಜಾಕಾ ಅಂತ ಒಂದು ಮ್ಯೂಸಿಯಂ ಇದೆ, 2000ದಲ್ಲಿ ಶುರುವಾದದ್ದು. ಅದರ ಸ್ಥಾಪಕರು ಹೊರದೇಶಗಳಿಂದ ಹೀಗೆ ವಾಪಸ್ ಕೊಂಡು ತಂದು ಕೂಡಿಸಿದರು. ನಿಮ್ಮ ಅಜ್ಜಿಯ ಯಜಮಾನರು ಅದೇ ಕೆಲಸವನ್ನು 1973ರಲ್ಲೇ ಮಾಡಿದ್ದಾರೆ.

ಟಾರ್ಚ್ ಹಿಡಿದು ಬುಡದ ಒಳಗೆ ನೋಡಿ ಏನು ಕಾಣುತ್ತದೆ ಹೇಳಿ. ನಮ್ಮ ವಿಗ್ರಹ ಸಾಮಾನ್ಯವಾಗಿ ಘನ ಎರಕ, ಅವರದು ಪೊಳ್ಳು. ಮೇಣ ಒಂದೇ ಥರ, ನಮ್ಮದು ಜೇನುಮೇಣ ಮತ್ತು ರಾಳ, ಅವರದು ಜೇನುಮೇಣ ಮತ್ತು ಪೈನ್ ಮರದ ಅಂಟು. ಆದರೆ ಒಳಗೆ ಮಣ್ಣಿನ ಗುಂಡು ಕೂರಿಸಿ ಅದರ ಮೇಲೆ ತೆಳ್ಳಗೆ ಮೇಣ ಕಟ್ಟುತ್ತಾರೆ. ಹಕ್ಕಿ, ಕೈಗಳಂಥವನ್ನು ಬೇರೆ ಹೊಯ್ದು ಗೂಟ ಹಾಕಿ ಕೂರಿಸುತ್ತಾರೆ. ಇನ್ನೊಂದು, ಆ ಹಳದಿ ಬಟ್ಟೆ ಬಿಸಾಡಬೇಡಿ. ಅದು ಅರಿಶಿನದ ಬಣ್ಣ. ಹುಳ ಬರದಿರಲಿ ಅಂತ ಬೆಲೆಬಾಳುವ ವಸ್ತುಗಳನ್ನು ಅವರು ಅರಿಶಿನದ ಬಟ್ಟೆಯಲ್ಲಿ ಸುತ್ತಿಡುತ್ತಾರೆ.

ಥೇಮ್ಸ್ ದಂಡೆ:

ಎರಕದಮನೆ ಸರ್ ಬರೆದದ್ದನ್ನು ಎರಡು ಸಲ ಓದಿದೆ. ನಾನು ಲಂಡನ್ನಿನಲ್ಲಿ ಇರುವವನು, ಇಂಥ ಬೊಂಬೆಗಳ ಹರಾಜಿಗೆ ಹೋಗಿ ಬರುವ ಹವ್ಯಾಸ ಇದೆ. ಕೊಳ್ಳುವುದು ಅಪರೂಪ, ನೋಡುವುದು ಜಾಸ್ತಿ. ಸುಜುಕಿ ಚೋಕಿಚಿಯ ನವಿಲಿನ ಧೂಪದಾನಿ ಇಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1878ರ ಪ್ಯಾರಿಸ್ ಪ್ರದರ್ಶನಕ್ಕೆ ಮಾಡಿದ್ದು, ಆಳೆತ್ತರಕ್ಕಿಂತ ದೊಡ್ಡದು. ಈ ಕಡೆ ಬಂದವರು ತಪ್ಪದೆ ನೋಡಿ.

ನಕಲಿಯ ಬಗ್ಗೆ ಎರಡು ಮಾತು, ಬೇರೆ ಓದುಗರಿಗೂ ಇರಲಿ. ಯೊಕೊಹಾಮಾದ ಮಿಯಾವೊ ಅಂತ ಒಂದು ಹೆಸರಿದೆ. ಸಮುರಾಯ್ ಬೊಂಬೆಗಳು, ಬಟ್ಟೆಯ ಅಂಚಿಗೆಲ್ಲ ಚಿನ್ನದ ಲೇಪ, ಕೆಳಗೆ ಮರದ ಪೀಠ. ಬೆಲೆ ಜಾಸ್ತಿ, ಹಾಗಾಗಿ ನಕಲಿಯೂ ಜಾಸ್ತಿ. ನಾನು ಆರು ವರ್ಷದ ಹಿಂದೆ ಒಂದು ಕೊಂಡೆ. ಹೆಸರಿನ ಬಿಲ್ಲೆ ನೋಡಿ ನಂಬಿಬಿಟ್ಟೆ. ಮನೆಗೆ ತಂದು ಭೂತಕನ್ನಡಿ ಹಿಡಿದಾಗ ಬೆರಳುಗಳಿಗೆ ಉಗುರೇ ಇರಲಿಲ್ಲ. ಕಿವಿಯ ಹಿಂದೆ ಅಚ್ಚು ಕೂಡಿದ ಗೆರೆ. ಹಳೆಯ ಬೊಂಬೆಯಿಂದಲೇ ಅಚ್ಚು ತೆಗೆದು ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ, ಹೊಸದು ಗಾತ್ರದಲ್ಲಿ ಚೂರು ಚಿಕ್ಕದಾಗುತ್ತದೆ, ಗೆರೆಗಳು ಮೊಂಡಾಗುತ್ತವೆ. ಆವತ್ತಿಂದ ನಾನು ಹೆಸರನ್ನು ಕೊನೆಗೆ ನೋಡುತ್ತೇನೆ. ಮೊದಲು ಉಗುರು, ಆಮೇಲೆ ಕಿವಿ, ಆಮೇಲೆ ಬಟ್ಟೆಯ ಅಂಚು.

ಅಕ್ಕ, ಅಮ್ಮನವರಿಗೆ ಇದನ್ನು ಹೇಳಿ. ಆ ಕಾಲದಲ್ಲಿ ಟೋಕಿಯೊದಲ್ಲಿ ಆಂಟಿಮನಿ ಬೆರೆಸಿದ ಅಗ್ಗದ ಲೋಹದ ಸಾಮಾನುಗಳೂ ತುಂಬ ಆಗುತ್ತಿದ್ದವು. ಅವನ್ನು ಉಜ್ಜಿದರೆ ಒಳಗೆ ಬೂದುಬಿಳಿ ಕಾಣುತ್ತದೆ. ನಿಮ್ಮದರಲ್ಲಿ ತಾಮ್ರದ ಕೆಂಪು ಬಂದಿದೆ, ತೂಕವೂ ಸರಿಯಾಗಿದೆ. ನಿಮ್ಮ ಕೈಯಲ್ಲಿರುವುದು ಕಂಚೇ.

ನಗೋಯಾದಿಂದ:

ಎಲ್ಲರಿಗೂ ತುಂಬ ಧನ್ಯವಾದ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಎರಕದಮನೆಯವರೇ, ನೀವು ಹೇಳಿದ ಹಾಗೆ ತೊಳೆದು ಒಣಗಿಸಿದೆವು. ಅಮ್ಮನೇ ಕುಂಚ ಹಿಡಿದರು. ನೀವು ಬರೆದದ್ದನ್ನು ಪೂರ್ತಿ ಓದಿ ಹೇಳಿದ್ದೆ. ಮೂಲಂಗಿಯ ಭಾಗವನ್ನು ಎರಡು ಸಲ ಓದಿಸಿದರು. ಉಗುರು ಇವೆ, ಹತ್ತೂ ಬೆರಳಿಗೂ ಇವೆ. ಬಲಗೈ ಹೆಬ್ಬೆರಳಿನ ಉಗುರು ಒಂದು ಕಡೆ ಸೀಳಿದ ಹಾಗೆ ಒಂದು ಗೆರೆ ಇದೆ. ಅದು ಮಾಡಿದ್ದೇ ಇರಬೇಕು ಅಲ್ವಾ? ದಾರ ಎಳೆದೂ ಎಳೆದೂ ಆದ ಉಗುರು. ಬುಡದ ಒಳಗೆ ಟಾರ್ಚ್ ಬಿಟ್ಟಾಗ ಪೊಳ್ಳೇ ಕಂಡಿತು. ಗೋಡೆಗೆ ಸುಟ್ಟ ಮಣ್ಣು ಅಂಟಿಕೊಂಡಿದೆ, ಕಾಲ ಬಳಿಯ ಹಕ್ಕಿಯ ಗೂಟ ಒಳಗೆ ಬಾಗಿಸಿದ್ದಾರೆ.

ಅಮ್ಮನನ್ನು ಗಿಫುವಿಗೆ ಕರೆದುಕೊಂಡು ಹೋಗಿದ್ದೆ. ಉಕಾಯ್ ಮೇ 11ರಿಂದ ಅಕ್ಟೋಬರ್ 15ರವರೆಗೆ ನಡೆಯುತ್ತದೆ, ಇನ್ನೂ ಕೆಲವು ದಿನ ಬಾಕಿ ಇತ್ತು. ದೋಣಿ ಹೊರಡುವ ಮೊದಲು ಹಕ್ಕಿಯವರು ದಡದಲ್ಲಿ ನಿಂತು ಎಲ್ಲ ವಿವರಿಸುತ್ತಾರೆ. ಅಮ್ಮ ಹಕ್ಕಿಯನ್ನು ನೋಡಲೇ ಇಲ್ಲ. ಬಗ್ಗಿ ಅವರ ಕಾಲನ್ನೇ ನೋಡುತ್ತಿದ್ದರು. ಹಿಮ್ಮಡಿ ನೆಲದ ಮೇಲಿತ್ತು. ರಾತ್ರಿ ದೋಣಿಯ ಮೂತಿಗೆ ಕಟ್ಟಿದ ಕಬ್ಬಿಣದ ಬುಟ್ಟಿಯಲ್ಲಿ ಬೆಂಕಿ ಉರಿಯುವಾಗ ಅವರ ಕೈಯಲ್ಲಿದ್ದ ದಾರಗಳನ್ನು ಎಣಿಸಲು ನೋಡಿದರು. ಎಂಟಕ್ಕೆ ತಪ್ಪಿತು.

ಮನೆಗೆ ಬಂದ ಮೇಲೆ ಬೊಂಬೆಯ ದಾರ ಎಣಿಸಿದರು. ಮೂರು. ಹಕ್ಕಿ ಎರಡೇ. ಮೂರನೆಯ ದಾರದ ತುದಿ ಸುಮ್ಮನೆ ನಿಂತಿದೆ. ಬಂಡೆಯ ಎಡಬದಿಯಲ್ಲಿ, ಪಾಚಿಯ ಹಾಗೆ ಕೆತ್ತಿದ ಜಾಗದಲ್ಲಿ, ಕಡ್ಡಿ ತೂರುವಷ್ಟು ಒಂದು ತೂತು ಇದೆ. ಇಷ್ಟು ದಿನ ನನಗೆ ಅದು ಕಂಡೇ ಇರಲಿಲ್ಲ. ಅಲ್ಲಿ ಇನ್ನೊಂದು ಹಕ್ಕಿ ಇತ್ತು ಅಂತಲೇ?

ಎರಕದಮನೆ:

ಇತ್ತು ಅಕ್ಕ. ಅದು ಗೂಟದ ತೂತೇ. ಆ ಜಾಗದಲ್ಲಿ ಕಂದು ಬಣ್ಣ ಸುತ್ತಲಿಗಿಂತ ಸ್ವಲ್ಪ ತಿಳಿಯಾಗಿದೆಯಾ ನೋಡಿ. ಹಕ್ಕಿಯ ಪಾದ ಮುಚ್ಚಿದ್ದ ಕಡೆ ಹಾಗಿರುತ್ತದೆ. ಹೊಸ ಹಕ್ಕಿ ಮಾಡಿಸಿ ಕೂರಿಸಿ ಅಂತ ಯಾರಾದರೂ ಹೇಳಿಯಾರು, ಬೇಡ. ತೂತು ಹಾಗೇ ಇರಲಿ.

ಹೆಬ್ಬೆರಳಿನ ಸೀಳು ಉಳಿಯಲ್ಲಿ ಮಾಡಿದ್ದು. ಎರಕದಲ್ಲಿ ಅಷ್ಟು ಸಣ್ಣ ಗೆರೆ ಅಷ್ಟು ಚೂಪಾಗಿ ಬರುವುದಿಲ್ಲ. ಹಕ್ಕಿಯ ಕಣ್ಣಿನ ಚಿನ್ನವೂ ಉಳಿಯವನ ಕೆಲಸವೇ. ನಮ್ಮಲ್ಲಿ ವಿಗ್ರಹಕ್ಕೆ ಕಣ್ಣು ಬಿಡಿಸುವುದು ಕೊನೆಗೆ, ಒಳ್ಳೇ ಮುಹೂರ್ತ ನೋಡಿ. ಅವರಲ್ಲೂ ಬುದ್ಧನಿಗೆ ಹಾಗೇ. ನಾರಾದ ತೋದಾಯ್‌ಜಿಯ ದೊಡ್ಡ ಕಂಚಿನ ಬುದ್ಧನಿಗೆ 752ರಲ್ಲಿ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ. ತಕಾವೊಕಾದಲ್ಲಿ ನನಗೆ ಕಲಿಸಿದವರು ಮೊದಲ ದಿನವೇ ಇದನ್ನು ಹೇಳಿ, ಮೂಲಂಗಿ ತುರಿಯಲು ಕೂರಿಸಿದ್ದರು. ಇದನ್ನು ಅಮ್ಮನಿಗೆ ಹೇಳಿ.

ನಗೋಯಾದಿಂದ:

ಹೌದು, ತೂತಿನ ಸುತ್ತ ಬಣ್ಣ ತಿಳಿಯಾಗಿದೆ. ಮೂರು ಬೆರಳಿನ ಪಾದದ ಆಕಾರವೇ ಕಾಣುತ್ತದೆ.

ಅಜ್ಜಿಗೆ ಫೋನ್ ಮಾಡಿ ಕೇಳಿದೆ. ಲಂಡನ್ನಿನಲ್ಲಿ ಕೊಳ್ಳುವಾಗಲೇ ಆ ಹಕ್ಕಿ ಇರಲಿಲ್ಲವಂತೆ. ಅದಕ್ಕೇ ತಮ್ಮ ಯಜಮಾನರಿಗೆ ಕೈಗೆಟಕುವ ಬೆಲೆಗೆ ಸಿಕ್ಕಿತು ಅಂದರು. ಹುಣಸೆಹಣ್ಣಿನ ವಿಷಯವನ್ನೂ ಹೇಳಿಬಿಟ್ಟೆ, ಮುಚ್ಚಿಡಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಅಮ್ಮ ಇನ್ನೂ ಇಲ್ಲೇ ಇದ್ದಾರಾ ಅಂತ ಕೇಳಿ, ಫೋನ್ ಕೊಡಿ ಅಂದರು. ಅಮ್ಮನಿಗೆ ಜಪಾನಿ ಬರುವುದಿಲ್ಲ, ಅಜ್ಜಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಐದು ನಿಮಿಷ ಮಾತಾಡಿದರು.

ಬುಟ್ಟಿಯ ಹೆಣಿಗೆಯಲ್ಲಿ ಇಲ್ಲಿಯವರೆಗೆ ಹಸಿರು ಪುಡಿ ಬಂದಿಲ್ಲ. ತೋಳಿನ ಕೆಂಪು ಸ್ವಲ್ಪ ಮಂಕಾಗಿದೆ. ಬೊಂಬೆಯನ್ನು ಅರಿಶಿನದ ಬಟ್ಟೆಯ ಮೇಲೆ ನಿಲ್ಲಿಸಿದ್ದೇವೆ. ಭಾನುವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡುವ ಕೆಲಸ ಅಮ್ಮನದು.